ದೊಡ್ಡಮ್ಮ ಮರೆತ ಒಂದೇ ವಿಳಾಸ

ನಮ್ಮ ದೊಡ್ಡಮ್ಮನ ನೆನಪಿನ ಶಕ್ತಿಗಿಷ್ಟು ಬೆಂಕಿ ಹಾಕ! ಏಳು ವರ್ಷದವಳಿದ್ದಾಗ ನಾನು ಒಡೆದ ಲೋಟ ಯಾವ ಬಣ್ಣದ್ದು, ಒಡೆದದ್ದು ಯಾರು ಅಂತ ನಾನು ಹೇಳಿದ ಸುಳ್ಳೇನು, ಎರಡೂ ಅವಳ ನಾಲಿಗೆ ತುದಿಯಲ್ಲೇ ಇರುತ್ತಿದ್ದವು. ಅಪ್ಪ ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು ಅವಳೇ, ಹಾಗಾಗಿ ಸಹಿಸಿಕೊಂಡೆ.

ಡ್ರೈವಿಂಗ್ ಲೈಸೆನ್ಸ್ ಕೊಡುವ, ಗಾಡಿ ನೋಂದಾಯಿಸುವ ಕಚೇರಿಯಲ್ಲಿ ಮೂರನೇ ಕೌಂಟರ್ ಅವಳದು. ಮೂವತ್ತೊಂದು ವರ್ಷ ಅದೇ ಕುರ್ಚಿ, ಅದೇ ತೂತುಬಿದ್ದ ಮೆತ್ತೆ. ಗಾಡಿ ನಂಬರ್ ಹೇಳಿದರೆ ಸಾಕು, ಯಾರದ್ದು, ಯಾವ ಬೀದಿ, ಎಷ್ಟನೇ ಮಹಡಿ, ಎಲ್ಲಾ ಗಡಗಡ ಒಪ್ಪಿಸುತ್ತಿದ್ದಳು. ಕಚೇರಿಯವರು ಅವಳಿಗೆ ನಡೆದಾಡೋ ರಿಜಿಸ್ಟರ್ ಅಂತ ಹೆಸರಿಟ್ಟಿದ್ದರು. ಆಗೆಲ್ಲ ವಿಳಾಸ ಕೇಳೋದು ಅಂದರೆ ಗಂಟೆ ಎಷ್ಟು ಅಂತ ಕೇಳಿದ ಹಾಗೆ. ಯಾರೋ ಗಾಡಿಗೆ ಗೀಚಿ ಹೋದರು ಅಂತ ಒಬ್ಬ ಬರುತ್ತಿದ್ದ, ಹಳೇ ಸ್ನೇಹಿತ ಅಂತ ಇನ್ನೊಬ್ಬ. ಕೇಳಿದವರಿಗೆ ಕೊಟ್ಟು ಕಳಿಸುತ್ತಿದ್ದರು.

ಒಂದು ದಿನ ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಬಂದ. ಕೈಯಲ್ಲಿ ಪುಟ್ಟ ಮಗುವಿನ ಶೂ ಡಬ್ಬಿ. "ತಂಗಿ ಸ್ಕೂಲ್ ವ್ಯಾನ್ ಓಡಿಸ್ತಾಳೆ, ಮನೆ ಬದಲಾಯಿಸಿದಾಳೆ. ಮಗೂಗೆ ಇದು ಕೊಡಬೇಕಿತ್ತು," ಅಂತ ವ್ಯಾನ್ ನಂಬರ್ ಹೇಳಿದ. ಗುಮಾಸ್ತ ಪುಸ್ತಕ ತೆಗೆಯೋಕೆ ಹೋದರೆ, ಟೀ ಕುಡಿಯುತ್ತಿದ್ದವರೆಲ್ಲ, "ಪುಸ್ತಕ ಯಾಕೆ, ಅಕ್ಕನ್ನ ಕೇಳಿ!" ಅಂದರು. ದೊಡ್ಡಮ್ಮ ಲೋಟ ಕೆಳಗಿಡದೆ ಒಂದೇ ಉಸಿರಲ್ಲಿ ಹೇಳಿದಳು. ಬೀದಿ, ತಿರುವು, ಮಹಡಿ, ಹಸಿರು ಬಾಗಿಲು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಕೈಮುಗಿದು ಹೋದ.

ಒಂಬತ್ತನೇ ದಿನ ಆ ವ್ಯಾನ್ ಓಡಿಸುವವಳು ಮೂರನೇ ಕೌಂಟರಿಗೆ ಬಂದಳು. ಎಡಗೈಗೆ ಪಟ್ಟಿ, ಬಲಗೈಯಲ್ಲಿ ವಿಳಾಸ ಬದಲಾವಣೆಯ ಅರ್ಜಿ.

"ಮೂರು ತಿಂಗಳ ಹಿಂದೆ ತಾನೇ ಬದಲಾಯಿಸಿದ್ರಿ, ಮತ್ತೆ ಯಾಕಮ್ಮ?" ಅಂದಳು ದೊಡ್ಡಮ್ಮ.

"ಬಿಟ್ಟು ಬಂದ ಗಂಡನಿಗೆ ಮನೆ ಸಿಕ್ಕಿಬಿಡ್ತು ಮೇಡಂ. ಯಾರು ಹೇಳಿದರೋ ಗೊತ್ತಿಲ್ಲ."

ಆ ಸಂಜೆ ದೊಡ್ಡಮ್ಮ ಊಟ ಮುಟ್ಟಲಿಲ್ಲ. ನಾನು ಗದರಿಸಿ ಕೇಳಿದಮೇಲೆ ಬಾಯಿಬಿಟ್ಟಳು. "ನಾನೇ ಕಣೇ. ಒಂದು ಚಪ್ಪಾಳೆಗೋಸ್ಕರ." ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೇ ದಿನ ವ್ಯಾನಿನವಳನ್ನು ಕರೆಸಿ ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡಳಂತೆ. ಅವಳು ಅರ್ಜಿ ವಾಪಸ್ ಇಸಕೊಂಡು, "ಹೊಸ ವಿಳಾಸ ಬರೆಸಿದ್ರೆ ಮತ್ತೆ ಹುಡುಕ್ತಾನೆ. ಇನ್ನು ಓಡೋಕೆ ಶಕ್ತಿ ಇಲ್ಲ ಮೇಡಂ, ಲೈಸೆನ್ಸೇ ಬೇಡ," ಅಂದಳಂತೆ. ಲೈಸೆನ್ಸ್ ಇಲ್ಲದಿದ್ದರೆ ವ್ಯಾನ್ ಇಲ್ಲ, ವ್ಯಾನ್ ಇಲ್ಲದಿದ್ದರೆ ಅವಳಿಗೂ ಮಗಳಿಗೂ ತುತ್ತಿಲ್ಲ.

ದೊಡ್ಡಮ್ಮ ಬಿಡುವವಳೇ? ಧೂಳು ತಿನ್ನುತ್ತಿದ್ದ ಫೈಲುಗಳಿಂದ ಹಳೇ ಸುತ್ತೋಲೆಯೊಂದನ್ನು ಕೆದಕಿ ತೆಗೆದಳು. ಜೀವಭಯ ಇದೆ ಅಂತ ಬರೆದುಕೊಟ್ಟರೆ ಮನೆ ವಿಳಾಸವನ್ನು ಮೊಹರು ಹಾಕಿದ ಲಕೋಟೆಯಲ್ಲಿ ಸಾಹೇಬರ ಬೀರುವಿನಲ್ಲಿಡಬೇಕು. ರಿಜಿಸ್ಟರಲ್ಲಿ ಕಾಗದ ಕಳಿಸುವ ವಿಳಾಸ ಮಾತ್ರ. ಯಾರೂ ಅದನ್ನು ಓದಿಯೇ ಇರಲಿಲ್ಲ, ಮಹಾನುಭಾವರು! ಆದರೆ ಕಾಗದ ಕಳಿಸೋದು ಯಾರ ಮನೆಗೆ? ಅವಳಿಗೆ ಯಾರೂ ಇರಲಿಲ್ಲ. ದೊಡ್ಡಮ್ಮ ಪೆನ್ನು ತೆಗೆದು ನಮ್ಮ ಮನೆ ವಿಳಾಸ ಬರೆದಳು.

ನನ್ನನ್ನು ಒಂದು ಮಾತು ಕೇಳಲಿಲ್ಲ. ಯಾರದೋ ಹೆಸರಿನ ಕಾಗದ ಬಂದಾಗ, "ಇದೇನು ಮನೆನಾ, ಅಂಚೆ ಕಚೇರಿನಾ?" ಅಂತ ಕೂಗಾಡಿದೆ. "ಬಾಯಿ ಮುಚ್ಕೊಂಡು ತಟ್ಟೆ ತೊಳಿ," ಅಂದಳು.

ಒಂದು ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಹಿಂಡುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಅವನೇ. ದೊಡ್ಡಮ್ಮ ಹೇಳಿದ್ದ ಅದೇ ಇಸ್ತ್ರಿ ಅಂಗಿ, ಶೂ ಡಬ್ಬಿ ಮಾತ್ರ ಇಲ್ಲ. ನಾನು ಒದ್ದೆ ಬೆಡ್‌ಶೀಟ್ ಹಿಡಿದುಕೊಂಡೇ ಓಡಿಬಂದು ದೊಡ್ಡಮ್ಮನ ಹಿಂದೆ ನಿಂತೆ.

"ರಿಜಿಸ್ಟರಲ್ಲಿ ಈ ಮನೆ ಇದೆ. ಅವಳೆಲ್ಲಿ?" ಅಂದ.

"ಈ ಮನೇಲಿ ಇರೋದು ನಾನು."

ಅವನಿಗೆ ಗುರುತು ಸಿಕ್ಕಿತು. "ಅವತ್ತು ಬಾಯಲ್ಲೇ ಹೇಳಿದವರು ನೀವೇ ಅಲ್ವಾ? ನಿಮಗೆಲ್ಲಾ ನೆನಪಿರುತ್ತಂತೆ. ಹೇಳಿ, ಅವಳ ಮನೆ ಎಲ್ಲಿ?"

"ಮರೆತುಹೋಗಿದೆ ಕಣಪ್ಪ."

"ಸುಳ್ಳು!"

"ಸುಳ್ಳಾದ್ರೆ ಸುಳ್ಳು. ಎಷ್ಟು ಸಲ ಬೇಕಾದ್ರೂ ಬಾ. ಬಾಗಿಲು ತೆಗೆಯೋಳು ನಾನೇ."

ಅವನು ಹೂಕುಂಡ ಒದ್ದು ಹೋದ. ದೊಡ್ಡಮ್ಮ ಚಿಲಕ ಹಾಕಿ, ಎರಡೆರಡು ಸಲ ಎಳೆದು ನೋಡಿ, ಬಾಗಿಲಿಗೇ ಬೆನ್ನು ಕೊಟ್ಟು ಕೂತಳು. ಆಮೇಲೂ ಎರಡು ಸಲ ಬಂದ. ಎರಡೂ ಸಲ ನನ್ನನ್ನು ಒಳಗೆ ತಳ್ಳಿ ಅವಳೇ ಬಾಗಿಲು ತೆಗೆದಳು.

ಆವತ್ತಿನಿಂದ ಕಚೇರಿಯಲ್ಲೂ ಯಾರು ಯಾವ ನಂಬರ್ ಕೇಳಲಿ, ಅವಳದ್ದು ಒಂದೇ ಉತ್ತರ: ಮರೆತುಹೋಗಿದೆ. ನಡೆದಾಡೋ ರಿಜಿಸ್ಟರ್ ಹೋಗಿ ಮರೆಗುಳಿ ಅಕ್ಕ ಅಂತ ಹೆಸರಾಯಿತು. ಎಲ್ಲರ ಜೊತೆ ತಾನೂ ನಗುತ್ತಿದ್ದಳು. ಆದರೆ ಬದುಕಿನಲ್ಲಿ ಅವಳಿಗೆ ಹೆಮ್ಮೆ ಅಂತ ಇದ್ದದ್ದು ಆ ನೆನಪಿನ ಶಕ್ತಿಯೊಂದೇ.

ಈಗ ಅವಳು ಹಾಸಿಗೆ ಹಿಡಿದಿದ್ದಾಳೆ. ಊಟ ಮಾಡಿದ್ದು ನೆನಪಿರಲ್ಲ, ನನ್ನನ್ನು ನಮ್ಮಮ್ಮನ ಹೆಸರಿಂದ ಕರೆಯುತ್ತಾಳೆ. ಗಾಡಿ ನಂಬರುಗಳು ಮಾತ್ರ ಒಂದೂ ಹೋಗಿಲ್ಲ. ನಾನು ಒಂದು ನಂಬರ್ ಹೇಳಿದರೆ ಸಾಕು, ಮುಖ ಅರಳಿಸಿಕೊಂಡು ಇಡೀ ವಿಳಾಸ ಒಪ್ಪಿಸುತ್ತಾಳೆ. ಬಾಗಿಲು ಹಾಕಿಕೊಂಡೇ ನಾನು ಈ ಆಟ ಆಡಿಸೋದು. ಚಪ್ಪಾಳೆ ತಟ್ಟುತ್ತೇನೆ.

ವ್ಯಾನಿನವಳು ವಾರಕ್ಕೊಮ್ಮೆ ಬಂದು ಅವಳ ತಲೆ ಬಾಚುತ್ತಾಳೆ. ಹೋದ ವಾರ ನನಗೇನು ಬುದ್ಧಿ ಕೆಟ್ಟಿತ್ತೋ, ಆ ಹಳೇ ವ್ಯಾನಿನ ನಂಬರ್ ಹೇಳಿ, "ಇದು ಯಾರ ಮನೆ ದೊಡ್ಡಮ್ಮ?" ಅಂದೆ.

ತುಟಿ ಅಲುಗಿತು. ಬೀದಿಯ ಮೊದಲ ಅಕ್ಷರ ಬಂದೇಬಿಟ್ಟಿತ್ತು, ನಾನು ಕಣ್ಣಾರೆ ಕಂಡೆ. ಫಕ್ಕನೆ ಬಾಯಿ ಮುಚ್ಚಿಕೊಂಡಳು. ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು.

ವ್ಯಾನಿನವಳು ಬಾಚಣಿಗೆ ಬಿಟ್ಟು ಅವಳ ಕೈ ಹಿಡಿದುಕೊಂಡಳು. "ಅವನು ಸತ್ತು ನಾಲ್ಕು ವರ್ಷ ಆಯ್ತಮ್ಮ. ಇನ್ನು ಹೇಳಬಹುದು. ಹೇಳಿ."

ದೊಡ್ಡಮ್ಮ ಅವಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮುಚ್ಚಿದ್ದ ಬಾಗಿಲನ್ನೇ ನೋಡುತ್ತಾ ಹೇಳಿದಳು:

"ಮರೆತುಹೋಗಿದೆ ಕಣಪ್ಪ."