ಕೌದಿಯ ನಾಲ್ಕನೇ ಮೂಲೆ

ಮೊಮ್ಮಗಳು ಧಾರವಾಡದ ಯಾವುದೋ ಮೇಳದಿಂದ ಒಂದು ಕೌದಿ ತಂದಿದ್ದಾಳೆ. ಬಣ್ಣಗಳು ಚೆನ್ನಾಗಿವೆ, ಹೊಲಿಗೆಯೂ ನೆಟ್ಟಗಿದೆ. ತೊಡೆಯ ಮೇಲೆ ಹರವಿಕೊಂಡದ್ದೇ ತಡ, ನನ್ನ ಹೆಬ್ಬೆರಳು ತಾನಾಗಿಯೇ ಅದರ ಮೂಲೆಗಳನ್ನು ಒತ್ತಿ ನೋಡತೊಡಗಿತು. ನಾಲ್ಕೂ ಖಾಲಿ. ಇದು ಹಸಿದಿದೆ ಎಂದೆ. ಮೊಮ್ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಹುಲಗೂರಕ್ಕ ನೆನಪಾಗಿಬಿಟ್ಟಿದ್ದಳು. ಅವಳು ನೆನಪಾದರೆ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಣ್ಣಗೆ ಉರಿ...

ಹುಲಗೂರಿನಿಂದ ಮದುವೆಯಾಗಿ ನಮ್ಮ ತಿಳವಳ್ಳಿಗೆ ಬಂದವಳು, ಎದುರು ಮನೆಯ ಸೊಸೆ. ಅವಳಿಗೊಂದು ಹೆಸರಿತ್ತು, ಆದರೆ ಓಣಿಗೆಲ್ಲ ಅವಳು ಹುಲಗೂರಕ್ಕ. ಮೂವತ್ತರ ಆಸುಪಾಸು, ಮಕ್ಕಳಿರಲಿಲ್ಲ. ಮಧ್ಯಾಹ್ನದ ಊಟ ಮುಗಿಯುತ್ತಲೇ ಸೂಜಿ ದಾರ ಹಿಡಿದು ನಮ್ಮ ಪಡಸಾಲೆಗೆ ಬರುತ್ತಿದ್ದಳು. ನನ್ನ ಮುಂದೆ ಎಣ್ಣೆ ಮುಗಿಯಿತು, ಹಿಟ್ಟು ಮುಗಿಯಿತು ಎನ್ನುವುದರ ಹೊರತು ಮಾತೇ ಇಲ್ಲದ ಅವ್ವ, ಅವಳ ಜೊತೆ ಹೊತ್ತು ಇಳಿಯುವ ತನಕ ನಗುತ್ತ ಹರಟುತ್ತಿದ್ದಳು. ನನಗಾಗ ಹದಿನಾರು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ನಾನಿರುವಾಗ ಇವಳು ಯಾವ ಊರ ದೊರೆಸಾನಿ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಅದು ಅರವತ್ತೈದರ ಯುದ್ಧದ ಹೊತ್ತು. ಗಾಯಗೊಂಡ ಸೈನಿಕರು ದವಾಖಾನೆಗಳಲ್ಲಿ ಮಲಗಿದ್ದಾರೆ, ಮುಂದೆ ಚಳಿಗಾಲ, ಹೊದೆಯಲು ಏನಾದರೂ ಕೊಡಿ ಎಂದು ಊರ ಹಿರಿಯರು ಮನೆಮನೆಗೆ ಬಂದು ಹೇಳಿದರು. ನಮ್ಮ ಓಣಿಯ ಹೆಂಗಸರಿಗೆ ಗೊತ್ತಿದ್ದದ್ದು ಕೌದಿ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವುದು, ಅಷ್ಟೇ. ಅಂದಚೆಂದ ಬೇಡ, ಬೆಚ್ಚಗಿದ್ದರೆ ಸಾಕು ಎಂದು ಎಲ್ಲರೂ ನಮ್ಮ ಪಡಸಾಲೆಯಲ್ಲೇ ಕೂತರು. ಅವ್ವ ಪೆಟ್ಟಿಗೆಯಿಂದ ತನ್ನ ಮದುವೆಯ ಇಳಕಲ್ ಸೀರೆ ತೆಗೆದು ತಂದಳು. ಅಲ್ಲಲ್ಲಿ ಪಿಸಿದು ಹರಿದಿತ್ತು. ಆದರೂ ಅದರ ಕೆಂಪು ಸೆರಗಿನ ಮೇಲೆ ನಾನು ಎಂದಿನಿಂದಲೋ ಕಣ್ಣಿಟ್ಟಿದ್ದೆ. ಸೀರೆ ಹೋದರೆ ಹೋಗಲಿ, ಅದರ ಕೌದಿಯನ್ನಾದರೂ ನನ್ನ ಕೈಯಲ್ಲಿ ಮುಗಿಸಬೇಕು ಎಂದುಕೊಂಡೆ.

ನಮ್ಮಲ್ಲಿ ಕೌದಿಯ ಮೂರು ಮೂಲೆ ಮುಚ್ಚಿ, ನಾಲ್ಕನೆಯದರೊಳಗೆ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು ಹೊಲಿಯುವುದು ರೂಢಿ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಹಾಗೆ ಉಣಿಸುವ ಕೈ ಮಕ್ಕಳ ತಾಯಿಯದೇ ಆಗಿರಬೇಕು. ಆ ಲೆಕ್ಕದಲ್ಲಿ ನಾನೂ ಆಗುವುದಿಲ್ಲ, ಹುಲಗೂರಕ್ಕನೂ ಆಗುವುದಿಲ್ಲ. ಆದರೂ ಸೀರೆಯ ಕೌದಿಗೆ ಕೊನೆಯ ಮೂಲೆ ಉಳಿದಾಗ, ನಾನು ಮುಚ್ಚುತ್ತೇನೆ ಎಂದು ಸೂಜಿಗೆ ಕೈ ಚಾಚಿದೆ. ಅವ್ವ ನನ್ನನ್ನು ದಾಟಿ ಅವಳ ಕಡೆ ನೋಡಿದಳು.

"ಬಾರವಾ, ನೀ ಉಣಸು. ನಿನ್ನ ಕೈಗುಣ ಚೊಲೋ ಐತಿ."

ಹುಲಗೂರಕ್ಕನ ಕಣ್ಣು ತುಂಬಿದವು. ಸುತ್ತಲಿನ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಮಾತ್ರ ಮೈಯೆಲ್ಲ ಉರಿ. ರೂಢಿ ಮುರಿಯುವುದೇ ಆದರೆ ನನಗಾಗಿ ಯಾಕೆ ಮುರಿಯಬಾರದಿತ್ತು? ಸಾಲದ್ದಕ್ಕೆ, ಅದೇ ಸೀರೆಯ ಅಂಚಿಗೆ ನಾನು ಹಾಕಿದ್ದ ಸೊಟ್ಟ ಹೊಲಿಗೆಯನ್ನು ಅವಳು ಸದ್ದಿಲ್ಲದೆ ಬಿಚ್ಚಿ ಮತ್ತೆ ನೆಟ್ಟಗೆ ಹಾಕಿದಳು. ಯಾವಾಗಲೂ ಹಾಗೆಯೇ. ಬೈದಿದ್ದರೆ ತಿರುಗಿ ಎರಡು ಮಾತಾದರೂ ಆಡಬಹುದಿತ್ತು. ಅವಳು ಬೈಯುತ್ತಲೂ ಇರಲಿಲ್ಲ.

ಆ ಸಿಟ್ಟಿನಲ್ಲಿ ಹಿತ್ತಿಲಲ್ಲಿ ಒಬ್ಬಳೇ ಕೂತು ಅಪ್ಪನ ಹಳೆಯ ಧೋತರಗಳದೇ ಒಂದು ಕೌದಿ ಹೊಲಿದೆ. ಅಂದಿನಿಂದ ಉಣಿಸುವ ಕೆಲಸ ಅವಳದೇ ಆಗಿತ್ತು, ಕೊನೆಯ ಮೂಲೆ ಬಂದಾಗ ಅವಳನ್ನು ಕರೆಯಬೇಕಿತ್ತು. ಕರೆಯಲಿಲ್ಲ. ಖಾಲಿ ಮೂಲೆಯನ್ನೇ ಬಿಗಿದು ಹೊಲಿದು ಗಂಟು ಹಾಕಿ, ಉಳಿದವುಗಳ ಜೊತೆ ಗೋಣಿಚೀಲಕ್ಕೆ ತುರುಕಿದೆ. ಚೀಲಗಳು ಬಸ್ಸಿನಲ್ಲಿ ಹಾನಗಲ್ಲಿಗೆ ಹೋದವು.

ಸ್ವಲ್ಪ ದಿನದಲ್ಲೇ ಮರಳಿಯೂ ಬಂದವು. ಅಲ್ಲಿ ಅವನ್ನು ಕೂಡಿಟ್ಟಿದ್ದ ಕೋಣೆಯಲ್ಲಿ ಇಲಿಗಳಿದ್ದವಂತೆ. ಹೆಚ್ಚುಕಡಿಮೆ ಪ್ರತಿ ಕೌದಿಯಲ್ಲೂ ಒಂದೇ ಒಂದು ಮೂಲೆ ಕಡಿದಿದ್ದವು, ಬೇರೆಲ್ಲೂ ಹಲ್ಲು ಹಚ್ಚಿರಲಿಲ್ಲ. ರಿಪೇರಿ ಮಾಡಿ ಕೊಡಿ, ಒಳಗೆ ತಿನ್ನುವ ಪದಾರ್ಥ ಇಡಬೇಡಿ ಎಂದು ಹೇಳಿ ಕಳಿಸಿದ್ದರು. ಅವ್ವನ ಕೆಂಪು ಸೆರಗಿನ ಮೂಲೆಯಲ್ಲಿ ಕೈ ತೂರುವಷ್ಟು ತೂತು. ನನ್ನ ಕೌದಿಯೊಂದೇ ಇಡಿಯಾಗಿತ್ತು. ಅದನ್ನು ಎತ್ತಿ ಎಲ್ಲರ ನಡುವೆ ಹರವಿದೆ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅವ್ವ ಅದರ ಮೂಲೆಗಳನ್ನು ಒತ್ತಿ ನೋಡಿದಳು. "ಹಸದದ್ದನ್ನ ಕಳಿಸಿದ್ಯೇನ?" ಎಂದಳು. ಆದರೆ ಇನ್ನು ಎಲ್ಲ ಕೌದಿಗಳೂ ಖಾಲಿಯೇ ಹೋಗಬೇಕು. ನೋವಿನಲ್ಲಿ ಮಲಗಿದವರಿಗೆ ಹಸಿದ ಕೌದಿ ಹೊದಿಸುವುದು ಹೇಗೆ? ಹುಲಗೂರಕ್ಕ ಎದ್ದು ಹೋಗಿ ತನ್ನ ಮನೆಯಿಂದ ರೊಟ್ಟಿ, ಬೆಲ್ಲ ತಂದಳು. ನನ್ನ ಕೌದಿಯನ್ನು ಮಡಿಚಿ ನನ್ನ ತೊಡೆಯ ಮೇಲಿಟ್ಟು, ಒಂದು ಚೂರು ಅದಕ್ಕೆ ಮುಟ್ಟಿಸಿ, ನನ್ನ ಬಾಯಿಯ ಹತ್ತಿರ ಹಿಡಿದಳು.

"ತಿನ್ನವಾ. ಹೊಲಿಗಿ ಹಾಕಿದಾಕಿ ಉಂಡ್ರ ಕೌದಿ ಉಂಡಂಗ."

ಆಮೇಲೆ ಹೊಲಿದ ಎಲ್ಲರಿಗೂ ಅವಳ ಕೈಯಿಂದ ಒಂದೊಂದು ತುತ್ತು. ಅವ್ವ ಅವಳ ಬೆನ್ನು ಸವರಿದಳು. ಇಡಿಯಾಗಿ ಉಳಿದದ್ದು ನನ್ನ ಕೌದಿ, ಹೊಗಳಿಸಿಕೊಂಡವಳು ಅವಳು. ಆ ತುತ್ತು ರುಚಿಯಾಗಿತ್ತು ಎನ್ನುವುದೇ ನನಗೆ ಎಲ್ಲಕ್ಕಿಂತ ಸಹಿಸಲಾಗದ್ದು...

ಮುಂದೆ ನನ್ನನ್ನು ಚಿಕ್ಕೇರೂರಿಗೆ ಕೊಟ್ಟರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಹುಲಗೂರಕ್ಕ ಕಾಮಾಲೆಯಾಗಿ ತೀರಿಕೊಂಡಳು. ಅವ್ವ ನನ್ನ ಮಗುವಿಗೆಂದು ಹೊಲಿಯುತ್ತಿದ್ದ ಪುಟ್ಟ ಕೌದಿಗೆ ಒಂದು ಮೂಲೆ ಬಾಕಿ ಉಳಿದಿತ್ತು. ನಾನು ಸೂಜಿ ಪೋಣಿಸಿಕೊಂಡು ಎದುರಿಗೆ ಕೂತೆ. ಈಗ ನಾನೂ ತಾಯಿ, ಯಾವ ರೂಢಿಯೂ ಅಡ್ಡ ಬರುವಂತಿರಲಿಲ್ಲ. ಅವ್ವ ಕೌದಿಯನ್ನು ಎದೆಗೆ ಒತ್ತಿಕೊಂಡು ಎದುರು ಮನೆಯ ಬಾಗಿಲು ನೋಡುತ್ತಿದ್ದಳು.

"ಇನ್ನ ಇದನ್ನ ಯಾರು ಉಣಸಬೇಕ?"

ಕೊನೆಗೆ ಉಣಿಸಿದವಳು ನಾನೇ. ಅವ್ವ ಬೇಡ ಎನ್ನಲಿಲ್ಲ, ನೋಡಲೂ ಇಲ್ಲ. ಸತ್ತವಳ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಅಂದು ತಿಳಿಯಿತು.

ಅವ್ವ ಹೋಗಿಯೂ ಎಷ್ಟೋ ಕಾಲವಾಯಿತು. ಇವತ್ತು ಮೊಮ್ಮಗಳ ಕೌದಿಯ ಒಂದು ಮೂಲೆ ಬಿಚ್ಚಿ, ಇಲಿ ಬಂದರೆ ಬರಲಿ ಎಂದು ರೊಟ್ಟಿಯ ಚೂರು, ಬೆಲ್ಲ ಇಟ್ಟು ಹೊಲಿದೆ. ಕಣ್ಣು ಮಂಜು, ಹೊಲಿಗೆ ಸೊಟ್ಟಗೆ ಬಂತು. ಕೌದಿಯನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡು ಬಹಳ ಹೊತ್ತು ಚಿಕ್ಕೇರೂರಿನ ಈ ಪಡಸಾಲೆಯಲ್ಲಿ ಕೂತಿದ್ದೆ. ಬಿಚ್ಚಿ ನೆಟ್ಟಗೆ ಹೊಲಿಯಲು ಎದುರು ಮನೆಯಿಂದ ಯಾರೂ ಬರಲಿಲ್ಲ.