ಹಮೀದಾಳ ಮುಖ, ನನ್ನ ಮಾತು

ಹಮೀದಾ, ಪೊಲೀಸರ ಮುಂದೆ ‘ಅವಳೇ ಇವಳು’ ಎಂದದ್ದು ನಾನು. ಫೋನು ತಪ್ಪು ತೋರಿಸಿತು ಎಂದು ನೀನು ಇಂದಿಗೂ ಹೇಳುತ್ತಿ. ತೋರಿಸಿದ್ದು ನಿಜ. ಆದರೆ ಆ ತಪ್ಪನ್ನು ಅಲ್ಲೇ ತಡೆಯಬಹುದಿತ್ತು — ತಡೆಯಬಲ್ಲವಳಾಗಿ ಅಲ್ಲಿ ನಾನಿದ್ದೆ.

ಆಗ ಮರಾಠಿ ನಾಡಿನ ಶೇಂದ್ರಾದಲ್ಲಿ ಕಾರ್ಖಾನೆಯ ಕಟ್ಟಡ ಏಳುತ್ತಿತ್ತು. ಕೂಲಿಯವರ ಮಕ್ಕಳಿಗಾಗಿ ನಡೆಸುತ್ತಿದ್ದ ಬಾಲವಾಡಿಗೆ ನಾನು ಶಿಕ್ಷಕಿ, ನೀನು ಅಡುಗೆಯವಳು. ನಾನು ಬೀದರಿನವಳು, ನೀನು ಅಫಜಲಪುರದವಳು. ದಿನವಿಡೀ ಮರಾಠಿ, ಹಿಂದಿ ಆಡಿ ದಣಿದ ಮೇಲೆ ನಾವಿಬ್ಬರೂ ಒಲೆಯ ಪಕ್ಕ ಕೂತು ಕನ್ನಡದಲ್ಲಿ ಹರಟುತ್ತಿದ್ದೆವು. ನನಗೆ ಟೈಫಾಯ್ಡ್ ಆದಾಗ ಗಂಜಿ ಕಾಸಿ ತಂದವಳು ನೀನೇ. ಮರೆತಿಲ್ಲ.

ಬಾಂಗ್ಲಾದೇಶದವರನ್ನು ಹುಡುಕುತ್ತ ಪೊಲೀಸರು ಬಂದರು. ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಹಳೆಯ ದಾಖಲೆಯ ಮುಖಗಳೊಂದಿಗೆ ತಾಳೆ ನೋಡುವ ಫೋನನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದರು. ನನ್ನ ಮುಖಕ್ಕೂ ಹಿಡಿದರು. ಪರದೆಯ ಮೇಲೆ ಏನೂ ಬರಲಿಲ್ಲ. ಆಗ ಆದ ನಿರಾಳ — ಹೇಗೆ ಹೇಳಲಿ — ಪರೀಕ್ಷೆ ಪಾಸಾದಂತಿತ್ತು. ನಿನ್ನ ಸರದಿ ಬಂದಾಗ ಮಾತ್ರ ಇನ್ನೊಂದು ಮುಖ ಮೂಡಿತು. ಹಿಂದೆ ನಾಶಿಕ್‌ನಲ್ಲಿ ಸಿಕ್ಕಿ ಗಡಿಯಾಚೆ ಕಳಿಸಲಾಗಿದ್ದ ಹೆಂಗಸಿನದಂತೆ. ಅವಳೇ ಕದ್ದುಮುಚ್ಚಿ ವಾಪಸು ಬಂದಿದ್ದಾಳೆ ಎಂದರು. ನಿನ್ನ ಆಧಾರ್ ಕಾರ್ಡು ತೋರಿಸಿದರೆ, ಇಂಥವನ್ನು ಯಾರು ಬೇಕಾದರೂ ಮಾಡಿಸಿಕೊಳ್ಳುತ್ತಾರೆ ಎಂದರು.

ನೀನು ನನ್ನತ್ತ ತಿರುಗಿದೆ.

“ಅಕ್ಕೋರ, ನೀವರೆ ಹೇಳ್ರಿ ಇವರಿಗೆ. ನಾ ಅಫಜಲಪುರದಾಕಿ ಅದೀನಿ, ನಿಮ್ಮ ಕೂಡ ಕನ್ನಡ ಮಾತಾಡ್ತೀನಿ ಅಂತ ಹೇಳ್ರಿ.”

ಪೊಲೀಸ್ ಸಾಹೇಬರು ನನ್ನನ್ನು ಸೈಟ್ ಆಫೀಸಿನೊಳಗೆ ಕರೆದರು. ಒಳಗಿನ ಮಾತು ನಿನಗೆ ಕೇಳಿಸುವಂತಿರಲಿಲ್ಲ. ಫೋನನ್ನು ನನ್ನ ಕೈಗೇ ಕೊಟ್ಟು, ಇವಳು ಅವಳೇ ಹೌದೋ ಅಲ್ಲವೋ ನೋಡಿ ಎಂದರು. ಹುಬ್ಬು, ಗಲ್ಲ, ಬಾಯಿ — ಹೋಲುತ್ತಿದ್ದವು. ಒಂದು ಕ್ಷಣ ನನಗೇ ಅನುಮಾನ ಬಂತು. ವರ್ಷಗಟ್ಟಲೆ ಜೊತೆಗಿದ್ದ ನಿನ್ನನ್ನು ಬಿಟ್ಟು ಅಂಗೈಯಗಲದ ಪರದೆಯನ್ನು ನಂಬಿದೆ. ಇಷ್ಟೇ ಆಗಿದ್ದರೆ ಕಣ್ಣಿನ ಮೋಸ ಎನ್ನಬಹುದಿತ್ತು. ಆದರೆ ಆ ಹೆಂಗಸಿನ ಎರಡೂ ಕಿವಿಗಳಲ್ಲಿ ಓಲೆಗಳಿದ್ದವು. ನಿನ್ನ ಎಡಗಿವಿ ಚಿಕ್ಕಂದಿನಲ್ಲೇ ಹರಿದದ್ದು, ಅದರಲ್ಲಿ ಓಲೆ ನಿಲ್ಲುವುದಿಲ್ಲ. ಅದು ಗೊತ್ತಿದ್ದವಳು ನಾನು. ‘ಹಮೀದಾಳ ಸೆರಗು ಸರಿಸಿ ಕಿವಿ ನೋಡಿ’ ಎಂದಿದ್ದರೆ ಸಾಕಿತ್ತು.

ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು, “ನೀವೂ ಹೊರಗಿನವರೇ ಅಲ್ಲವಾ? ಇವಳನ್ನು ಎಷ್ಟು ದಿನದಿಂದ ಇಟ್ಟುಕೊಂಡಿದ್ದೀರಿ?” ಎಂದು ಕೇಳಿದರು. ‘ಇಟ್ಟುಕೊಂಡಿದ್ದೀರಿ’ — ನಾನೇ ನಿನ್ನನ್ನು ಬಚ್ಚಿಟ್ಟಂತಿದ್ದ ಆ ಮಾತಿಗೆ ಹೆದರಿದೆ. ಅವರು ಹೊಡೆಯಲಿಲ್ಲ, ಬೆದರಿಸಲಿಲ್ಲ. ಕೇಳಿದರು, ಅಷ್ಟೇ.

“ಅವಳೇ ಇರಬೇಕು, ಸಾಹೇಬರೇ,” ಎಂದು ಮರಾಠಿಯಲ್ಲಿ ಹೇಳಿದೆ.

ನಿನ್ನನ್ನು ಜೀಪಿನಲ್ಲಿ ಒಯ್ದರು. ಸಿನ್ನರ್‌ನಲ್ಲಿ ಕೆಲಸಕ್ಕಿದ್ದ ನಿನ್ನ ಗಂಡ ಖಾಜಾ ಓಡಿಬಂದು ಕೇಳಿದಾಗ, ನನ್ನ ಕೈಲಾದಷ್ಟು ಹೇಳಿ ನೋಡಿದೆ ಎಂದೆ. ಅವನು ಊರಿಗೆ ಹೋಗಿ ಹಿರಿಯರನ್ನು ಕರೆತಂದು, ವಕೀಲರನ್ನು ಹಿಡಿಯುವ ಹೊತ್ತಿಗೆ ನಿನ್ನನ್ನು ಗಡಿ ದಾಟಿಸಿಯಾಗಿತ್ತು. ಭಾಷೆ ಬಾರದ ಊರಿನ ಹೊಲದ ಬದುವಿನಲ್ಲಿ ಬಿಟ್ಟರು. ಅಲ್ಲಿಯವರು ಹಿಡಿದು ಜೈಲಿಗೆ ಹಾಕಿದರು. ಇಲ್ಲಿಯ ಕೋರ್ಟು ಕರೆತರಲು ಹೇಳಿ, ನೀನು ಮರಳುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಈಗ ಗಂಗಾಪುರದಲ್ಲಿ ಹತ್ತಿ ಬಿಡಿಸುತ್ತಿ. ಯಾರಾದರೂ ಫೋನು ಎತ್ತಿದರೆ ಮುಖ ಮುಚ್ಚಿಕೊಳ್ಳುತ್ತಿ — ನಿನ್ನ ತಂಗಿಯ ಮದುವೆಯ ಫೋಟೋದಲ್ಲೂ ನೀನಿಲ್ಲ ಎಂದು ಖಾಜಾ ಹೇಳಿದ.

ನೀನು ಮರಳಿದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕೆವು. ನೀನು ನನ್ನ ಕೈ ಹಿಡಿದುಕೊಂಡೆ.

“ನೀವು ಹೇಳಿದ್ರೂ ಅವರು ಕೇಳಲಿಲ್ಲ, ಅಲ್ರಿ ಅಕ್ಕೋರ? ಫೋನಿನ ಮುಂದ ನಿಮ್ಮ ಮಾತು ಏನ್ ನಡಿತದ್ರಿ.”

ನಾನು ಹೂಂ ಎಂದೆ. ಆಫೀಸಿನಲ್ಲಿ ಸುಳ್ಳಾಡುವಾಗ ಹೆದರಿದ್ದೆ, ಯೋಚಿಸಲು ಪುರಸೊತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಯಾವ ಹೆದರಿಕೆಯೂ ಇರಲಿಲ್ಲ. ನಿನ್ನ ಕೈ ಬೆಚ್ಚಗಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ — ಆ ಹೂಂ ನನ್ನನ್ನು ಹೆಚ್ಚು ಕಾಡುತ್ತದೆ.

ನಿನಗಾದ ಅನ್ಯಾಯದ ಕುರಿತು ವಕೀಲರು ಈಗ ಇನ್ನೊಂದು ಕೇಸು ಹಾಕುತ್ತಿದ್ದಾರೆ. ಆ ದಿನ ಅಲ್ಲಿದ್ದವರು ಯಾರಾದರೂ ಮಾತಾಡಬೇಕು ಎಂದರು. ನಾನು ಅವರಿಗೆ ಎಲ್ಲ ಹೇಳಿದ್ದೇನೆ, ಕಿವಿಯ ವಿಷಯವನ್ನೂ. ಕೋರ್ಟಿನಲ್ಲಿ ನಿಮ್ಮ ಮರ್ಯಾದೆ ಉಳಿಯುವುದಿಲ್ಲ ಎಂದು ಎಚ್ಚರಿಸಿದರು. ಇರಲಿ ಎಂದೆ.

ಕೋರ್ಟಿಗಿಂತ ಮೊದಲು ನೀನು ಕೇಳಬೇಕು, ನನ್ನ ಬಾಯಿಂದಲೇ. ನಿನಗೆ ಓದು ಬಾರದು; ನಿನ್ನೆದುರು ಕೂತಾಗ ಮಾತು ತಿರುಗಿಸದಿರಲೆಂದು ಇದನ್ನು ಬರೆದುಕೊಂಡಿದ್ದೇನೆ. ಭಾನುವಾರ ಗಂಗಾಪುರಕ್ಕೆ ಬರುತ್ತೇನೆ. ಎಲ್ಲ ಕೇಳಿ ನೀನು ಎದ್ದು ಒಳಗೆ ಹೋದರೆ, ನಾನು ಕರೆಯುವುದಿಲ್ಲ. ಬಂದ ದಾರಿಯಲ್ಲೇ ಮರಳಿ, ಸೋಮವಾರ ನನ್ನ ಹೇಳಿಕೆಗೆ ಸಹಿ ಹಾಕಲು ವಕೀಲರಲ್ಲಿಗೆ ಹೋಗುತ್ತೇನೆ.