ಭಂಡಾರ ಮುಟ್ಟಿದ ಕೈ

ಹೋದ ವರ್ಷ ಗಂಗಾವತಿಯ ಒಂದು ಹೈಸ್ಕೂಲಿನವರು ಚರ್ಚಾಸ್ಪರ್ಧೆಗೆ ನನ್ನನ್ನು ತೀರ್ಪುಗಾರ್ತಿಯಾಗಿ ಕರೆದಿದ್ದರು. ಅಂಗನವಾಡಿ ಮಕ್ಕಳ ಮೂಗು ಒರೆಸುತ್ತಲೇ ಇಷ್ಟು ವರ್ಷ ಕಳೆದವಳಿಗೆ ಇದೆಲ್ಲಿಯ ದೊಡ್ಡಸ್ತಿಕೆ ಅಂತ ನಗುತ್ತಲೇ ಹೋದೆ. ಬೋರ್ಡಿನ ಮೇಲೆ ವಿಷಯ ಬರೆದಿದ್ದರು: ನಮ್ಮ ದೇಶಕ್ಕೆ ಇಷ್ಟೊಂದು ರಾಜಕೀಯ ಪಕ್ಷಗಳು ಬೇಕೇ? ಒಬ್ಬ ಹುಡುಗಿ, ಸಂತೆಯಲ್ಲಿ ಅಂಗಡಿ ಹೆಚ್ಚಿದ್ದಷ್ಟೂ ಕೊಳ್ಳುವವರಿಗೇ ಲಾಭ ಎಂದಳು. ಒಬ್ಬ ಹುಡುಗ, ಮನೆಯೊಂದು ಮೂರು ಬಾಗಿಲಾದರೆ ಸಂಸಾರ ನಡೆಯುವುದಿಲ್ಲ ಎಂದ. ಇಬ್ಬರಿಗೂ ಚಪ್ಪಾಳೆ ಬಿತ್ತು. ನನಗೆ ಮಾತ್ರ ಅಂಕ ಹಾಕಲು ಕೈ ಏಳಲಿಲ್ಲ. ಆ ಮಕ್ಕಳದೇನೂ ತಪ್ಪಿಲ್ಲ. ಅವರಿಗೆ ಪಕ್ಷ ಅಂದರೆ ಟಿವಿಯಲ್ಲಿ ಕೂಗಾಡುವವರು. ನನಗೆ ಪಕ್ಷ ಅಂದರೆ ನಮ್ಮವ್ವನ ಮುಂದೆ ಭಂಡಾರದ ತಾಟು ಹಿಡಿದು ನಿಂತವರು.

ನನ್ನ ತವರು ಹನುಮಸಾಗರದ ಹತ್ತಿರದ ಒಂದು ಹಳ್ಳಿ. ಕಪ್ಪು ಹೊಲ, ಜೋಳ, ತೊಗರಿ, ಹೆಸರು, ಅಷ್ಟೇ. ತೊಂಬತ್ತೇಳರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಅದಕ್ಕೂ ಮುಂಚೆ ಒಂದು ದೊಡ್ಡ ಆಫೀಸು ನೋಡಬೇಕೆಂದರೆ ರಾಯಚೂರಿಗೆ ಹೋಗಬೇಕಿತ್ತು, ಹೋದವನು ಮರುದಿನವೇ ಬರುವುದು. ಈಗ ಮುಂಜಾನೆ ಬಸ್ಸು ಹತ್ತಿ ಸಾಹೇಬರಿಗೆ ನಮಸ್ಕಾರ ಹೊಡೆದು ಸಂಜೆಗೆ ಊರು ಮುಟ್ಟಬಹುದು. ಲೀಡರ್ ಆಗುವುದು ಅಷ್ಟು ಸಸ್ತಾ ಆಯಿತು. ಎರಡು ಮೂರು ವರ್ಷದಲ್ಲಿ ನಮ್ಮಲ್ಲಿ ಓಣಿಗೊಬ್ಬ ಬಿಳಿ ಅಂಗಿಯವನು ಹುಟ್ಟಿಕೊಂಡ. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷ ಇರಬಾರದು ಅಂತ ಕಾಯ್ದೆ ಇತ್ತು. ನಮ್ಮೂರಲ್ಲಿ ಪಕ್ಷ ಬಿಟ್ಟರೆ ಬೇರೇನೂ ಇರಲಿಲ್ಲ. ನಾಲ್ಕು ಪಾರ್ಟಿ, ನಾಲ್ಕು ಚಹಾದ ಅಂಗಡಿ. ಒಂದು ಪಾರ್ಟಿಯವರು ಇನ್ನೊಂದು ಪಾರ್ಟಿಯವರ ಗಿರಣಿಗೆ ಜೋಳ ಒಯ್ಯುತ್ತಿರಲಿಲ್ಲ. ಆಚೆಮನೆಯಲ್ಲಿ ಹಾಲಿಗೆ ಹೆಪ್ಪು ಕೇಳುವ ಮುಂಚೆ, ಅವರು ಈ ವಾರ ಯಾರ ಕಡೆ ಇದ್ದಾರೆ ಅಂತ ವಿಚಾರಿಸಿಕೊಳ್ಳಬೇಕಿತ್ತು. ಕೆಮ್ಮಿದರೂ ಯಾರ ಪರವಾಗಿ ಕೆಮ್ಮಿದ ಅಂತ ನೋಡುವ ಕಾಲ ಅದು.

ನಮ್ಮಪ್ಪ ಪಂಚಾಯ್ತಿಯ ವಾಟರ್‌ಮ್ಯಾನ್. ನೀರಿನ ಟಾಕಿ ತುಂಬಿಸಿ, ಹೊತ್ತಿಗೆ ಸರಿಯಾಗಿ ಓಣಿ ಓಣಿಯ ವಾಲ್ವ್ ತಿರುವಿ ನೀರು ಬಿಡುವುದು ಅವನ ಕೆಲಸ. ಕಾಯಂ ನೌಕರಿಯಲ್ಲ. ಪಂಚಾಯ್ತಿ ಮೆಂಬರರು ಇರು ಅಂದರೆ ಇರಬೇಕು, ಬಿಡು ಅಂದರೆ ಬಿಡಬೇಕು. "ನಾವು ಎಲ್ಲಾರಿಗೂ ನೀರ ಬಿಡಾಂವ್ರು, ನಮಗೆಂಥಾ ಪಾರ್ಟಿ" ಅನ್ನುತ್ತಿದ್ದ. ಆ ಮಾತು ಯಾರಿಗೂ ಹಿಡಿಸುತ್ತಿರಲಿಲ್ಲ.

ಆ ಸಲದ ಪಂಚಾಯ್ತಿ ಚುನಾವಣೆಯ ಹೊತ್ತಿಗೆ ನಾನು ಗಂಡನ ಊರು ಮರಳಿಯಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಎಂಟು ತಿಂಗಳು ತುಂಬುತ್ತಿತ್ತು. ಗಂಡನ ಮನೆಯಲ್ಲಿ ಕಾಲುವೆ ನೀರು, ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ತವರಿನ ಬಿಸಿ ರೊಟ್ಟಿಗೆ ಜೀವ ಬಿಟ್ಟುಕೊಂಡು ಬಂದವಳು ನಾನು. ನನ್ನ ಓಟು ಮರಳಿಯಲ್ಲಿತ್ತು. ಇಲ್ಲಿ ನನಗಿದ್ದದ್ದು ಬಾಯಿ ಮಾತ್ರ.

ನಮ್ಮ ವಾರ್ಡಿಗೆ ಒಂದೇ ಸೀಟು, ಅದೂ ಹೆಂಗಸರಿಗೆ ಮೀಸಲು. ಛತ್ರಿ, ಬಕೆಟ್ಟು, ಹೊಲಿಗೆ ಮಷಿನ್ನು, ಇಸ್ತ್ರಿ ಪೆಟ್ಟಿಗೆ ಅಂತ ನಾಲ್ಕು ಚಿತ್ರ, ನಾಲ್ವರು ಹೆಂಗಸರು. ನಿಂತವರು ಹೆಂಡಂದಿರು, ಓಡಾಡಿದವರು ಗಂಡಂದಿರು. ಬರಿಯ ಮಾತಿನ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲವಾದ್ದರಿಂದ ಭಂಡಾರ ಮುಟ್ಟಿಸುತ್ತಿದ್ದರು. ಭಂಡಾರ ಅಂದರೆ ದೇವರ ಅರಿಷಿಣ. ತಾಟಿನಲ್ಲಿ ಭಂಡಾರ ಹಾಕಿ, ನಡುವೆ ದೀಪ ಹಚ್ಚಿಟ್ಟು, ಮನೆಯೊಳಗೆ ಬಂದು ನಿಲ್ಲುವುದು. ಅಂಗೈ ಒತ್ತಿ, ಓಟು ನಿಮಗೇ ಅನ್ನಬೇಕು. ತಪ್ಪಿದರೆ ದೇವರು ನೋಡಿಕೊಳ್ಳುತ್ತಾನೆ. ಅವ್ವ ಮೊದಲು ಛತ್ರಿಯವರಿಗೆ ಮುಟ್ಟಿದಳು. ಬಕೆಟ್ಟಿನವರು ಬಂದು "ನಿಮ್ಮ ಮನಿಯವರ ಕೆಲಸ ಛಲೋ ನಡದೈತಿ, ಹಿಂಗ ನಡೀಲಿ" ಅಂದರು. ಅದರಲ್ಲಿ ಬೈಗುಳ ಒಂದೂ ಇರಲಿಲ್ಲ, ಆದರೂ ಅಪ್ಪನ ಮುಖ ಬಿಳುಚಿತು. ಅವ್ವ ಅವರಿಗೂ ಮುಟ್ಟಿದಳು. ಮೂರನೆಯವರು ಬಂದಾಗ ಅವಳ ಅಂಗೈ ಇನ್ನೂ ಹಳದಿಯಾಗಿತ್ತು. ಅವರು ಅದನ್ನು ನೋಡಿದರು, ನೋಡದವರ ಹಾಗೆ ತಾಟು ಮುಂದೆ ಹಿಡಿದರು.

ನಾಲ್ಕನೆಯವನು ಬಂದದ್ದು ಮಟಮಟ ಮಧ್ಯಾಹ್ನ. ಇಸ್ತ್ರಿ ಪೆಟ್ಟಿಗೆಯವನು. ವರಸೆಯಲ್ಲಿ ಅವ್ವನಿಗೆ ತಮ್ಮ, ಚಿಗವ್ವನ ಮಗ. ಹಿಂದೆ ನಾಲ್ಕು ಮಂದಿ ಇದ್ದರು, ಅವರು ಒಳಗೆ ಬರಲಿಲ್ಲ, ಬಾಗಿಲಿಗೆ ಅಡ್ಡ ನಿಂತರು. ಮನೆಯಲ್ಲಿ ಕತ್ತಲಾಯಿತು.

"ಅಕ್ಕ, ನೀ ಮೂರೂ ಪಾರ್ಟಿಗೆ ಭಂಡಾರ ಮುಟ್ಟೀದಿ ಅಂತ ಸುದ್ದಿ ಐತಿ. ನನಗ ಆ ಆಣಿ ಒಂದ ಸಾಲೂದಿಲ್ಲ," ಅಂದ. ಗೋಡೆಗೆ ಒರಗಿ ಕೂತಿದ್ದ ನನ್ನ ಕಡೆ ಗದ್ದ ಎತ್ತಿ ತೋರಿಸಿದ. "ಮಗಳ ಹೊಟ್ಟಿ ಮ್ಯಾಲ ಕೈ ಇಟ್ಟು ಹೇಳು."

"ತಮ್ಮಾ, ಬ್ಯಾಡೋ. ಚೊಚ್ಚಲ ಬಸುರಿ ಅದಾಳ. ನನ್ನ ತಲಿ ಮ್ಯಾಲ ಇಟಗೊಂಡು ಹೇಳ್ತೀನಿ."

"ಖರೇನ ಓಟ ಹಾಕಾಕಿ ಇದ್ರ ಅಂಜಿಕಿ ಯಾಕ? ನಾಳೆ ವಾಲ್ವಿನ ಚಾವಿ ಯಾರ ಕೈಯಾಗ ಇರ್ತೈತಿ, ಅದನ್ನೂ ವಿಚಾರ ಮಾಡು."

ಅಪ್ಪ ಮೂಲೆಯಲ್ಲಿ ಅದೇ ಚಾವಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದ. ನಾನು ಕೂಗಬೇಕಿತ್ತು. ಹೊರಗೆ ನಡಿ ಅನ್ನಬೇಕಿತ್ತು. ಗಂಡನ ಮನೆಯಲ್ಲಿ ಅತ್ತೆಗೆ ಎದುರುತ್ತರ ಕೊಟ್ಟು ಹೆಸರಾದವಳು ನಾನು, ಆವತ್ತು ನನ್ನ ನಾಲಿಗೆ ಎಲ್ಲಿ ಹೋಗಿತ್ತೋ. ಅವ್ವ ಅವನು ತಂದಿದ್ದ ತಾಟಿನ ಭಂಡಾರ ಮುಟ್ಟಿ ಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಓಟು ನಿನಗೇ ಅಂದಳು. ಸರಿಯಾಗಿ ಆಗಲೇ ಕೂಸು ಒದೆಯಿತು. ಕಾದ ಹಂಚು ಮುಟ್ಟಿದವಳ ಹಾಗೆ ಅವ್ವ ಕೈ ಕಿತ್ತುಕೊಂಡಳು. ನನ್ನ ಸೀರೆಯ ಮೇಲೆ ಐದೂ ಬೆರಳು ಹಳದಿಯಾಗಿ ಮೂಡಿದ್ದವು. ಎಷ್ಟು ತಿಕ್ಕಿದರೂ ಆ ಕಲೆ ಪೂರ್ತಿ ಹೋಗಲಿಲ್ಲ.

ಎರಡು ದಿನ ಅವ್ವನ ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ. ಒಲೆ ಮುಂದೆ ಕೂತು ಕೇಳಿದಳು: "ಯವ್ವಾ, ನಾಲ್ಕ ಮಂದಿಗೆ ಮಾತ ಕೊಟ್ಟೀನಿ. ಇರೂದು ಒಂದ ಓಟ. ಏನ ಮಾಡ್ಲಿ?"

ನನಗೋ ಕಾಲು ಬಾತಿದ್ದವು, ಸೊಂಟ ಸಿಡಿಯುತ್ತಿತ್ತು, ಇಡೀ ಊರಿನ ಮೇಲೆ ಸಿಟ್ಟಿತ್ತು. "ನಾಲ್ಕೂ ಚಿತ್ರದ ಮ್ಯಾಲ ಒಂದೊಂದು ಶಿಕ್ಕಾ ಒತ್ತಿ ಬಾ. ಎಲ್ಲಾರ ಆಣಿನೂ ತೀರ್ತೈತಿ," ಅಂದೆ. ಅಂದು ನಕ್ಕೆ. ಅವ್ವ ನಗಲಿಲ್ಲ. ಆ ಮನೆಯಲ್ಲಿ ಹತ್ತನೇ ಇಯತ್ತೆ ಪಾಸಾದ ಮೊದಲನೆಯವಳು ನಾನು. ಅವ್ವ ಹೆಬ್ಬೆಟ್ಟು. ಅಲ್ಲಿಯವರೆಗೆ ಎಷ್ಟೋ ಸಲ ಓಟು ಹಾಕಿದ್ದಳು, ಪ್ರತಿ ಸಲ ಒಂದೇ ಶಿಕ್ಕಾ ಒತ್ತಿದ್ದಳು. ಯಾಕೆಂದರೆ ಅಲ್ಲಿಯವರೆಗೆ ಯಾರೂ ಅವಳಿಂದ ನಾಲ್ಕು ಮಾತು ತೆಗೆದುಕೊಂಡಿರಲಿಲ್ಲ.

ಓಟಿನ ದಿನ ಶಾಲೆಯ ಬೂತಿನಿಂದ ಬಂದವಳು ಚಪ್ಪಲಿ ಬಿಡುತ್ತಲೇ "ಒತ್ತಿ ಬಂದೆ, ನಾಲ್ಕೂ," ಅಂದಳು. ಆ ಎರಡು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡು, ಗೋಡೆಗೆ ಒರಗಿದಲ್ಲೇ ನಿದ್ದೆ ಹೋದಳು. ಆ ಓಟು ಯಾರಿಗೂ ಸೇರುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ಯಾರ ಶಿಕ್ಕಾ ಯಾವುದು ಅಂತ ಯಾರಿಗೆ ತಿಳಿಯುತ್ತದೆ, ಅವಳಾದರೂ ನೆಮ್ಮದಿಯಿಂದ ಇರಲಿ ಅಂದುಕೊಂಡೆ.

ಎಣಿಕೆ ಕುಷ್ಟಗಿಯಲ್ಲಿ. ನೋಡಲು ಹೋಗಿದ್ದ ಅಪ್ಪ ಸಂಜೆ ಬಸ್ಸಿಗೆ ಬಂದ. ಅಂಗಳದಲ್ಲಿ ಅವ್ವ ತಂಬಿಗೆಯಿಂದ ಅವನ ಕಾಲಿಗೆ ನೀರು ಹಾಕುತ್ತಿದ್ದಳು. "ನಿನ್ನ ತಮ್ಮ ಒಂದ ಓಟಿಲೆ ಬಿದ್ದ," ಅಂದ. "ಕೆಟ್ಟ ಓಟ ಭಾಳ ಬಿದ್ದಿದ್ವು. ನಾಲ್ಕೂ ಚಿತ್ರಕ್ಕ ಒತ್ತಿ ಬಂದಾರ, ಹುಚ್ಚ ಮಂದಿ."

ತಂಬಿಗೆ ನಿಂತಿತು. "ನಾಲ್ಕಕ್ಕೂ ಒತ್ತಿದ್ರ ನಾಲ್ಕೂ ಮಂದಿಗೆ ಮುಟ್ಟೂದಿಲ್ಲೇನು?"

"ಒಬ್ಬರಿಗೂ ಮುಟ್ಟೂದಿಲ್ಲ."

ಅವ್ವ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನಾನು ಇಷ್ಟು ವರ್ಷ ಅದನ್ನು ನೆನೆಯುತ್ತಿರಲಿಲ್ಲ. ಅವಳ ಕಣ್ಣು ನನ್ನ ಮುಖದ ಮೇಲೆ ನಿಲ್ಲದೆ ಕೆಳಗೆ, ಹೊಟ್ಟೆಗೆ ಇಳಿಯಿತು.

ಮರುದಿನ ಮುಂಜಾನೆ ಸೋತವನ ತಾಯಿ, ಅಂದರೆ ಅವ್ವನ ಚಿಗವ್ವ, ಓಣಿಗೆ ಇಳಿದಳು. ಮುದುಕಿ. ಕೂದಲು ಬಿಚ್ಚಿಕೊಂಡಿದ್ದಳು. ಮನೆ ಮನೆಯ ಮುಂದೆ ನಿಂತು ಬೊಗಸೆಯಲ್ಲಿ ಮಣ್ಣು ಎತ್ತಿ ತೂರುವಳು. "ನಾಲ್ಕ ಕಡೆ ಒತ್ತಿದಾಕಿ ಮನಿಯಾಗ ತೊಟ್ಟಲಾ ತೂಗಬಾರದು! ಕೂಸಿನ ದನಿ ಕೇಳಬಾರದು!" ಮಣ್ಣು ತೂರಿ ಹಾಕಿದ ಶಾಪ ತಟ್ಟದೆ ಬಿಡುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಬಾಗಿಲುಗಳು ಒಂದೊಂದೇ ಹಾಕಿಕೊಂಡವು. ನಮ್ಮ ಮನೆ ಮುಂದೆ ಬಂದಾಗ ಅವಳಿಗೆ ದಮ್ಮು ಹತ್ತಿತು. ಕಟ್ಟೆಯ ಮೇಲೆ ಕೂತು, "ಒಂದ ಗುಟುಕು ನೀರ ಕೊಡವಾ," ಅಂದಳು. ಅವ್ವ ತಂದು ಕೊಟ್ಟಳು. ಮುದುಕಿ ನನ್ನ ಕಡೆ ನೋಡಿ, "ಸುಸೂತ್ರ ಹಡಿಯವಾ," ಅಂತ ಹರಸಿದಳು. ನೀರು ಕುಡಿದು ಎದ್ದು, ನಮ್ಮ ಹೊಸ್ತಿಲಿಗೆ ಒಂದು ಬೊಗಸೆ ಮಣ್ಣು ತೂರಿ, ಅದೇ ಶಾಪ ಕೂಗಿ ಮುಂದಿನ ಮನೆಗೆ ಹೋದಳು. ಅವಳಿಗೇನೂ ಗೊತ್ತಿರಲಿಲ್ಲ. ಅವ್ವ ಆ ಮಣ್ಣನ್ನು ಕಸಬರಿಗೆಯಿಂದ ಗುಡಿಸಲಿಲ್ಲ, ಮಂಡಿಯೂರಿ ಸೆರಗಿನಿಂದ ಒರೆಸಿ ಒರೆಸಿ ತೆಗೆದಳು.

ಅಲ್ಲಿಂದ ಹೆರಿಗೆಯವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಕಣ್ಣು ಬಿಟ್ಟರೆ ಅವ್ವ ಮುಂದೆ ಕೂತಿರುತ್ತಿದ್ದಳು. "ಕೂಸು ಅಲಗ್ಯಾಡೇತೇನು?" ರೊಟ್ಟಿ ಬಡಿಯುತ್ತ ಬಡಿಯುತ್ತ ಎದ್ದು ಬಂದು ಅದನ್ನೇ ಕೇಳುವಳು. ಒಂದು ದಿನ ಕೂಸು ಮಧ್ಯಾಹ್ನದವರೆಗೆ ಅಲುಗಲಿಲ್ಲ. ಅವ್ವ ಹಿತ್ತಿಲಿಗೆ ಹೋಗಿ ತನ್ನ ಬಲಗೈಯನ್ನು ಕಲ್ಲಿಗೆ ತಿಕ್ಕುತ್ತಿದ್ದಳು. ನಾನು ಓಡಿಹೋಗಿ ಹಿಡಿದಾಗ ಚರ್ಮ ಕಿತ್ತಿತ್ತು. ನನಗೂ ಹೆದರಿಕೆ ಹತ್ತಿತು. ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಅನ್ನುತ್ತಿದ್ದವಳು, ಅವ್ವ ನೋಡದಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಒದೆತಕ್ಕೆ ಕಾಯತೊಡಗಿದೆ.

"ಭಾಳ ಮಂದಿ ಹಂಗ ಒತ್ಯಾರ ಅಂತ ಅಪ್ಪನ ಹೇಳ್ಯಾನಲ್ಲ. ಅವರ ಮನಿಗೇನಾಗೈತಿ?" ಅಂತ ಒಮ್ಮೆ ಗದರಿದೆ.

"ಅವರು ಹೊಟ್ಟಿ ಮುಟ್ಟಿರಲಿಲ್ಲ," ಅಂದಳು.

ಹೌದು, ಊರಿಗೆ ಊರೇ ಅಂಜಿಕೊಂಡು ನಾಲ್ಕೂ ಕಡೆ ಮಾತು ಕೊಟ್ಟಿತ್ತು. ಸಂತೆಯ ಅಂಗಡಿಯ ಮಾತಾಡಿದ ಆ ಹುಡುಗಿಗೆ ಹೇಳಬೇಕೆನಿಸಿದ್ದು ಇದೇ. ನಾಲ್ಕು ಪಕ್ಷ ಅಂದರೆ ನಮಗೆ ನಾಲ್ಕು ದಾರಿ ಆಗಿರಲಿಲ್ಲ ತಂಗಿ, ನಾಲ್ಕು ಕಡೆಯ ಅಂಜಿಕೆ ಆಗಿತ್ತು. ಒಂದೇ ಪಕ್ಷ ಇದ್ದಿದ್ದರೆ ಸುಖವಿತ್ತೇ ಅಂದರೆ, ಒಂದೇ ತಾಟು ಬರುತ್ತಿತ್ತು ಅಷ್ಟೇ. ಗೆದ್ದದ್ದು ಛತ್ರಿಯವರು. ಅವರು ಅಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಅವರಿಗೆ ಅವನ ನೆನಪೂ ಇದ್ದಂತಿರಲಿಲ್ಲ.

ಕುಷ್ಟಗಿ ಸರ್ಕಾರಿ ದವಾಖಾನೆಯಲ್ಲಿ ಹಾಡಹಗಲು ಹೆರಿಗೆಯಾಯಿತು. ಹೆಣ್ಣು ಕೂಸು. ಗುಂಡುಗುಂಡಾಗಿತ್ತು, ಹುಟ್ಟಿದ ಕೂಡಲೇ ವಾರ್ಡು ಹಾರಿಹೋಗುವ ಹಾಗೆ ಅತ್ತಿತು. ನರ್ಸು ಬಟ್ಟೆಯಲ್ಲಿ ಸುತ್ತಿ "ತಗೋರಿ ಆಯಿ" ಅಂತ ಅವ್ವನಿಗೆ ಚಾಚಿದಳು. ಅವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನಂದು ಬ್ಯಾಡ್ರಿ. ಬ್ಯಾರೆ ಯಾರರ ಹಿಡೀಲಿ." ನರ್ಸಿಗೆ ಹೆಣ್ಣು ಹುಟ್ಟಿದ್ದಕ್ಕೆ ಮುನಿಸು ಅನ್ನಿಸಿರಬೇಕು, ಚೆನ್ನಾಗಿ ಬೈದಳು. ಅವ್ವ ಬೈಸಿಕೊಂಡಳು. ಕೂಸಿನ ಮುಖವನ್ನೇ ನೋಡುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಮುಂದೆ ಬರಲಿಲ್ಲ.

ಬಾಣಂತನದ ಮೂರೂ ತಿಂಗಳು ಕೂಸಿಗೆ ಎಣ್ಣೆ ಹಚ್ಚಿ ಎರೆದವಳು ಆಚೆಮನೆಯ ಮುದುಕಿ. ಅವ್ವ ನೀರು ಕಾಯಿಸಿದಳು, ಲೋಬಾನ ಹಾಕಿದಳು, ಕೌದಿ ಹೊಲಿದಳು, ನನಗೆ ಅಳವಿ ಪಾಯಸ ಮಾಡಿ ಉಣಿಸಿದಳು. ಕೂಸು ಅತ್ತರೆ ತೊಟ್ಟಿಲ ಹಗ್ಗ ಕೂಡ ಮುಟ್ಟುತ್ತಿರಲಿಲ್ಲ, ನನ್ನನ್ನು ಕೂಗುತ್ತಿದ್ದಳು. ಮಗಳು ನಡೆಯಲು ಕಲಿತ ಮೇಲೆ ರಜೆಗೆ ಹೋದಾಗಲೆಲ್ಲ "ಆಯೀ" ಅಂತ ಓಡಿ ಅವಳ ಕೈ ಹಿಡಿಯಹೋಗುವಳು. ಅವ್ವ ಚಟ್ಟನೆ ಸೆರಗಿನ ತುದಿ ಕೊಡುವಳು. ಸೆರಗು ಹಿಡಿದುಕೊಂಡೇ ಇಬ್ಬರೂ ಅಂಗಡಿಗೆ ಹೋಗಿ ಬರುವರು. ಮಗಳಿಗೆ ಅದು ಆಟ.

ಮಗಳು ಏಳನೇ ಇಯತ್ತೆಗೆ ಬಂದ ವರ್ಷ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

"ಅವ್ವ, ಅಕಿ ಗಟ್ಟಿಮುಟ್ಟಾಗಿ ಅದಾಳ. ಇನ್ನರ ಸಾಕ ಮಾಡು. ತಪ್ಪು ನಂದು. ನಾಲ್ಕೂ ಕಡೆ ಒತ್ತು ಅಂತ ನಾ ಚಾಷ್ಟಿಗೆ ಅಂದಿದ್ದೆ. ನೀ ಅದನ್ನ ಖರೇ ಅಂತ ತಿಳಕೊಂಡಿ."

ಅವ್ವ ಮೊರ ಕೆಳಗಿಟ್ಟಳು.

"ಚಾಷ್ಟಿಗೆ ಅಂದಿ ಅಂತ ನನಗ ಅವತ್ತ ಗೊತ್ತಾಗಿತ್ತವಾ," ಅಂದಳು. "ಆದ್ರ ಬ್ಯಾರೆ ದಾರಿ ಯಾರು ಹೇಳಿದ್ರು ನನಗ?"